ಸುಮ್ಮನಾದ ನರ ಸತ್ತಿಲ್ಲ!

ಹಂದಿ ಸತ್ತು 4 ಗಂಟೆಯಾಗಿದೆ. ಮಾಂಸ ಅಂಗಡಿಯ ದಾರಿ ಹಿಡಿದಿದೆ, ತಲೆ ಮಾತ್ರ ಕಸಾಯಿಖಾನೆಯಿಂದ ಪ್ರಯೋಗಶಾಲೆಗೆ ಬಂದಿದೆ. ಅಷ್ಟು ಹೊತ್ತೂ ಅದರ ಮಿದುಳಿಗೆ ತೊಟ್ಟು ರಕ್ತ ಹರಿದಿಲ್ಲ. ಆಮ್ಲಜನಕ ಇಲ್ಲ, ಗ್ಲೂಕೋಸ್ ಇಲ್ಲ. ರಕ್ತ ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳಿನ ಕತೆ ಮುಗಿಯಿತು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆ ಲೆಕ್ಕದಲ್ಲಿ ಈ ಮಿದುಳು ಐವತ್ತು ಸಲ ಸತ್ತಿರಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನೆನಾದ್ ಸೆಸ್ತಾನ್ ಮತ್ತು ಸಂಗಡಿಗರು ಅದರ ರಕ್ತನಾಳಗಳಿಗೆ ಕೊಳವೆ ಜೋಡಿಸಿದರು. ಪಂಪು ಶುರುವಾಯಿತು. ಒಳಗೆ ಹರಿದದ್ದು ರಕ್ತವಲ್ಲ. ಅದರಲ್ಲಿ ರಕ್ತಕಣಗಳೇ ಇರಲಿಲ್ಲ. ಆಮ್ಲಜನಕ ಹೊರುವುದಕ್ಕೆ ಹಿಮೊಗ್ಲೋಬಿನ್, ಕೋಶಗಳನ್ನು ಕಾಪಾಡುವುದಕ್ಕೆ ಒಂದಷ್ಟು ಔಷಧ, ಅಷ್ಟೆ. ಹೃದಯ ಬಡಿದಂತೆಯೇ ಮಿಡಿಮಿಡಿದು, ಮೈಬಿಸಿಯಲ್ಲಿ, 6 ಗಂಟೆ ಹರಿಯಿತು ಆ ದ್ರವ.

ಆಗ ನೋಡಿ! ಔಷಧ ಕೊಟ್ಟರೆ ರಕ್ತನಾಳಗಳು ಹಿಗ್ಗಿದವು. ಮಿದುಳು ಗ್ಲೂಕೋಸ್ ಎಳೆದುಕೊಂಡಿತು, ಆಮ್ಲಜನಕ ಎಳೆದುಕೊಂಡಿತು, ಕಾರ್ಬನ್ ಡೈಆಕ್ಸೈಡ್ ಹೊರಗೆ ಬಿಟ್ಟಿತು. ಸೋಂಕು ಬಂದಂತೆ ನಟಿಸಿ ಕೆಣಕಿದರೆ ಕಾವಲು ಕೋಶಗಳು ಎದ್ದು ನಿಂತವು. ಮಿದುಳಿನ ಒಂದು ತೆಳುವಾದ ಹೋಳು ತೆಗೆದು, ಆ ದ್ರವವನ್ನು ತೊಳೆದು, ಒಂದೊಂದೇ ನರಕೋಶಕ್ಕೆ ಸೂಜಿಮೊನೆಯ ವಿದ್ಯುದ್ವಾರ ತಾಗಿಸಿದರು. ಕೋಶ ಮಿಡಿಯಿತು! ಪ್ರಾಣಿ ಸತ್ತು 10 ಗಂಟೆಯ ಮೇಲೆ! ಹಾಗೇ ಬಿಟ್ಟ ಮಿದುಳುಗಳು ಅಷ್ಟರಲ್ಲಿ ಕರಗತೊಡಗಿದ್ದವು. ಒಟ್ಟು 32 ಹಂದಿಗಳ ಮಿದುಳಿನ ಈ ವರದಿ 2019ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಹಾಗಾದರೆ ಹಂದಿಗೆ ಎಚ್ಚರವಾಯಿತೇ? ಇಲ್ಲ. ಇಡೀ ಮಿದುಳಿನಲ್ಲಿ ಏಕಕಾಲಕ್ಕೆ ಏಳುವ ವಿದ್ಯುತ್ ಅಲೆ ಒಂದೂ ಕಾಣಲಿಲ್ಲ. ನರಗಳು ಮಿಡಿಯದಂತೆ ತಡೆಯುವ ಔಷಧವನ್ನೂ ದ್ರವಕ್ಕೆ ಮೊದಲೇ ಬೆರೆಸಿದ್ದರು. ಆದರೂ ಸಂಶೋಧಕರು ಅರಿವಳಿಕೆ ಮದ್ದನ್ನು ಕೈಯಳತೆಯಲ್ಲೇ ಇಟ್ಟುಕೊಂಡಿದ್ದರಂತೆ. ಅರಿವಿನ ಸುಳಿವು ಕಂಡರೆ ಕೂಡಲೇ ಮಲಗಿಸಿಬಿಡಲು! ಸತ್ತ ಹಂದಿಗೆ ಅರಿವಳಿಕೆ ಸಿದ್ಧ ಮಾಡಿಟ್ಟುಕೊಂಡ ವಿಜ್ಞಾನಿಗಳು ಇವರಿಗಿಂತ ಮುಂಚೆ ಯಾರಾದರೂ ಇದ್ದಾರೆಯೇ?

ಇದು ಎಷ್ಟು ಅಚ್ಚರಿ ಎಂದು ತಿಳಿಯಬೇಕಾದರೆ ಇನ್ನೊಂದು ತುದಿಯಿಂದ ನೋಡಬೇಕು. 1943ರಲ್ಲಿ ಅಮೆರಿಕದ ರೋಸೆನ್, ಕ್ಯಾಬಟ್ ಮತ್ತು ಆಂಡರ್‌ಸನ್ ಎಂಬವರು ನೂರಕ್ಕೂ ಹೆಚ್ಚು ಯುವಕರ ಕುತ್ತಿಗೆಗೆ ಗಾಳಿ ತುಂಬುವ ಪಟ್ಟಿ ಸುತ್ತಿ, ಫಕ್ಕನೆ ಬಿಗಿದು, ಮಿದುಳಿಗೆ ಹೋಗುವ ರಕ್ತವನ್ನು ತಡೆದರು. (ಇವತ್ತು ಇಂಥ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪದು. ಒಪ್ಪಲೂಬಾರದು.) ಮೊದಲು ಕಣ್ಣುಗುಡ್ಡೆ ನೆಟ್ಟನೆ ನಿಂತುಬಿಡುತ್ತಿತ್ತು. ಅದರ ಬೆನ್ನಿಗೇ ಪ್ರಜ್ಞೆ ಹೋಗುತ್ತಿತ್ತು. ಎಲ್ಲಕ್ಕೂ ಸೇರಿ ಆರೇಳು ಸೆಕೆಂಡು! ದೇಹದ ತೂಕದಲ್ಲಿ ನೂರಕ್ಕೆ ಎರಡೇ ಪಾಲು ಇರುವ ಮಿದುಳು ದೇಹದ ಆಮ್ಲಜನಕದಲ್ಲಿ ಐದನೇ ಒಂದು ಪಾಲನ್ನು ನುಂಗುತ್ತದೆ. ನಾಳೆಗೆಂದು ಏನನ್ನೂ ಕೂಡಿಡುವುದಿಲ್ಲ. ರಕ್ತ ನಿಂತರೆ ಆರೇಳು ಸೆಕೆಂಡಿಗೆ ಕತ್ತಲು ಖಚಿತ.

ಆರು ಸೆಕೆಂಡು ಎಲ್ಲಿ, ಹತ್ತು ಗಂಟೆ ಎಲ್ಲಿ?

ಎರಡೂ ನಿಜ. ಏಕೆಂದರೆ ಎರಡೂ ಬೇರೆ ಬೇರೆ ಸಂಗತಿಗಳು. ಆರು ಸೆಕೆಂಡಿಗೆ ಆಗುವುದು ಸಾವಲ್ಲ, ಮೌನ. ಅದೂ ಇಂಧನ ಮುಗಿದುಹೋಗಿ ಬಂದ ಮೌನವಲ್ಲ! ಕೋಶದೊಳಗಿನ ಶಕ್ತಿನಾಣ್ಯವಾದ ಎಟಿಪಿ ಇನ್ನೂ ಬೇಕಷ್ಟು ಉಳಿದಿರುವಾಗಲೇ ನರಕೋಶಗಳು ಮಾತು ನಿಲ್ಲಿಸಿಬಿಡುತ್ತವೆ. ನರಕೋಶದ ಖರ್ಚಿನ ಬಹುಪಾಲು ಹೋಗುವುದು ಮಾತಿಗೆ, ಆ ಮಾತಿನಿಂದ ಏರುಪೇರಾದ ಅಯಾನುಗಳನ್ನು ಮತ್ತೆ ಸರಿಪಡಿಸುವುದಕ್ಕೆ. ಕೋಶವೆಂಬುದು ಸೋರುವ ದೋಣಿ: ಸೋಡಿಯಂ ಸದಾ ಒಳಗೆ ಜಿನುಗುತ್ತಿರುತ್ತದೆ, ಪೊರೆಯಲ್ಲಿರುವ ಪಂಪುಗಳು ಹಗಲಿರುಳು ಅದನ್ನು ಮೊಗೆದು ಹೊರಗೆ ಚೆಲ್ಲುತ್ತಿರಬೇಕು. ಮಾತಾಡಿದಷ್ಟೂ ಸೋರಿಕೆ ಹೆಚ್ಚು. ಆದ್ದರಿಂದ ಕಷ್ಟ ಬಂದ ಕೂಡಲೇ ಕೋಶ ಮಾಡುವ ಮೊದಲ ಕೆಲಸ, ಬಾಯಿ ಮುಚ್ಚಿಕೊಳ್ಳುವುದು. ಉಳಿದ ಇಂಧನವೆಲ್ಲ ಪಂಪುಗಳಿಗೆ.

ರಕ್ತ ಮರಳದಿದ್ದರೆ ಮೌನದ ಮುಂದಿನ ಘಟ್ಟ ಬರುತ್ತದೆ, ಅದು ಭೀಕರ. ಕೆಲವೇ ನಿಮಿಷಗಳಲ್ಲಿ ಪಂಪುಗಳು ಸೋಲುತ್ತವೆ. ಒಂದು ಜಾಗದಲ್ಲಿ ಕೋಶಗಳ ಪೊರೆ ತನ್ನ ವಿದ್ಯುತ್ತನ್ನೆಲ್ಲ ಒಮ್ಮೆಗೇ ಕಳೆದುಕೊಳ್ಳುತ್ತದೆ, ಅಲ್ಲಿಂದ ಒಂದು ಅಲೆ ಎದ್ದು ನಿಮಿಷಕ್ಕೆ ಮೂರು ಮಿಲಿಮೀಟರಿನ ಆಸುಪಾಸಿನ ವೇಗದಲ್ಲಿ ಮಿದುಳಿನ ಮೇಲ್ಪದರದ ಮೇಲೆ ತೆವಳುತ್ತದೆ. ಇರುವೆಗಿಂತ ನಿಧಾನ! ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾಂವ್ ಎಂಬ ಯುವಕ 1944ರಲ್ಲಿ ಹಾರ್ವರ್ಡ್‌ನಲ್ಲಿ ಮೊಲದ ಮಿದುಳಿನ ಮೇಲೆ ಇಂಥ ಅಲೆಯನ್ನು ಮೊದಲು ಕಂಡ. ರಕ್ತ ನಿಲ್ಲಿಸಿದಾಗಲೂ ಅಂಥದೇ ಬದಲಾವಣೆ ಆಗುವುದನ್ನು ಆಮೇಲೆ ತೋರಿಸಿದ. ಸಾಯುತ್ತಿರುವ ಮನುಷ್ಯರಲ್ಲಿ ಅದು ದಾಖಲಾಗಲು 2018 ಬರಬೇಕಾಯಿತು. ಬರ್ಲಿನ್‌ನ ಯೆನ್ಸ್ ಡ್ರೈಯರ್ ಮತ್ತು ಅಮೆರಿಕದ ಸಿನ್ಸಿನಾಟಿಯ ಸಂಗಡಿಗರು, ಮಿದುಳಿಗೆ ತೀವ್ರ ಹಾನಿಯಾಗಿ ಚಿಕಿತ್ಸೆಗೆಂದೇ ತಲೆಯೊಳಗೆ ವಿದ್ಯುದ್ವಾರ ಇರಿಸಿದ್ದ 9 ರೋಗಿಗಳನ್ನು ಅವರ ಕೊನೆಯ ಗಳಿಗೆಯಲ್ಲಿ ಗಮನಿಸಿದರು. ಬದುಕಿಸುವ ಯತ್ನ ಕೈಬಿಟ್ಟ ಮೇಲೆ ಮೊದಲು ಮೌನ ಬಂತು. ನಿಮಿಷಗಳು ಕಳೆದವು. ಆಮೇಲೆ ಆ ಅಲೆ ಎದ್ದಿತು.

ಆ ಅಲೆಯೇ ಸಾವೇ? ಅದೂ ಅಲ್ಲ ಎನ್ನುತ್ತಾರೆ ಡ್ರೈಯರ್! ಅಲೆ ಹಾದುಹೋದ ಮೇಲೂ ಸ್ವಲ್ಪ ಹೊತ್ತಿನೊಳಗೆ ರಕ್ತ ಮರಳಿದರೆ ಪಂಪುಗಳು ಮತ್ತೆ ಕೆಲಸಕ್ಕೆ ಹತ್ತುತ್ತವೆ, ಪೊರೆ ಮತ್ತೆ ವಿದ್ಯುತ್ ತುಂಬಿಕೊಳ್ಳುತ್ತದೆ. ಮರಳದಿದ್ದರೆ ಕೋಶಗಳ ಹೊರಗೆ ಗ್ಲುಟಮೇಟ್ ಎಂಬ ಸಂದೇಶವಾಹಕ ಮಿತಿಮೀರಿ ತುಂಬಿಕೊಂಡು ವಿಷವಾಗುತ್ತದೆ, ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶವನ್ನು ಒಳಗಿನಿಂದಲೇ ಮೇಯುವ ಕಿಣ್ವಗಳು ಎಚ್ಚರಗೊಳ್ಳುತ್ತವೆ.

ಮೌನಕ್ಕೂ ಸಾವಿಗೂ ನಡುವಿನ ಈ ಜಾಗವನ್ನು ಅಳತೆಗೆ ಸಿಗುವಂತೆ ಮಾಡಿದವರು ಆಸ್ಟ್ರುಪ್, ಸೈಮನ್ ಮತ್ತು ಸಂಗಡಿಗರು. 1977ರ ಅವರ ಪ್ರಯೋಗ ಬಬೂನ್ ಕೋತಿಗಳ ಮೇಲೆ. ಆರೋಗ್ಯವಂತ ಮಿದುಳಿನ 100 ಗ್ರಾಮಿಗೆ ನಿಮಿಷಕ್ಕೆ 50 ಮಿಲಿಲೀಟರ್‌ನಷ್ಟು ರಕ್ತ ಹರಿಯುತ್ತದೆ. ಅದು 20ರ ಕೆಳಗೆ ಇಳಿದರೆ ಕೋಶ ಮೌನವಾಗುತ್ತದೆ. 10ರ ಕೆಳಗೆ ಇಳಿದರೆ ಪಂಪು ಸೋಲುತ್ತದೆ. 20ಕ್ಕೂ 10ಕ್ಕೂ ನಡುವೆ? ಅಲ್ಲಿ ಕೋಶ ಮಾತಾಡುವುದಿಲ್ಲ, ಸಾಯುವುದೂ ಇಲ್ಲ. ಕಾಯುತ್ತದೆ! ಗ್ರಹಣದ ಅರೆನೆರಳಿನ ಹೆಸರನ್ನೇ ಅದಕ್ಕೆ ಇಟ್ಟರು.

ಲಕ್ವ ಹೊಡೆದವರ ತಲೆಯಲ್ಲಿ ಇರುವುದು ಇದೇ. ರಕ್ತನಾಳ ಕಟ್ಟಿಕೊಂಡ ಜಾಗದ ನಟ್ಟನಡುವೆ ಕೋಶಗಳು ಬೇಗ ಸಾಯುತ್ತವೆ. ಸುತ್ತಲೂ ದೊಡ್ಡದೊಂದು ಅರೆನೆರಳು ಅಕ್ಕಪಕ್ಕದ ಸಣ್ಣ ನಾಳಗಳಿಂದ ಜಿನುಗುವ ಚೂರುಪಾರು ರಕ್ತದಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಕೈ ಏಳುತ್ತಿಲ್ಲ ಎಂದರೆ ಕೈಯ ನರಕೋಶಗಳು ಸತ್ತಿವೆ ಎಂದಲ್ಲ. ಬಹುಪಾಲು ಸುಮ್ಮನಿವೆ. ಇವು ಎಷ್ಟು ಹೊತ್ತು ಕಾಯಬಲ್ಲವು? 1995ರಲ್ಲಿ ರಕ್ತದ ಗಡ್ಡೆ ಕರಗಿಸುವ ಔಷಧ ಬಂದಾಗ 3 ಗಂಟೆ ಎಂದರು. 2008ರಲ್ಲಿ ನಾಲ್ಕೂವರೆ ಎಂದರು. 2018ರ ‘ಡಾನ್’ ಅಧ್ಯಯನದಲ್ಲಿ, ಸ್ಕ್ಯಾನ್ ಮಾಡಿ ಅರೆನೆರಳು ಇನ್ನೂ ಉಳಿದಿದೆ ಎಂದು ಖಚಿತವಾದವರಿಗೆ, 6ರಿಂದ 24 ಗಂಟೆಯೊಳಗೆ ನಾಳದ ಮೂಲಕ ತಂತಿಬಲೆ ತೂರಿಸಿ ಗಡ್ಡೆಯನ್ನೇ ಎಳೆದು ತೆಗೆದರು. 3 ತಿಂಗಳ ಮೇಲೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು ನೂರಕ್ಕೆ 49! ಗಡ್ಡೆ ತೆಗೆಯದೆ ಬಿಟ್ಟವರಲ್ಲಿ 13. ರಾತ್ರಿ ಚೆನ್ನಾಗಿಯೇ ಮಲಗಿ ಬೆಳಗ್ಗೆ ಬಾಯಿ ಸೊಟ್ಟಗಾಗಿ ಎದ್ದವರು ಅಲ್ಲಿಯವರೆಗೆ ಯಾವ ಗಡಿಯಾರಕ್ಕೂ ಸಿಗದವರಾಗಿದ್ದರು. ಅಂಥವರಿಗೂ ಬಾಗಿಲು ತೆರೆಯಿತು.

ಹಾಗೆಂದು ನಾಳೆ ನೋಡೋಣ ಎನ್ನುವಂತಿಲ್ಲ, ಇದನ್ನು ಜೋರು ದನಿಯಲ್ಲೇ ಹೇಳಬೇಕು. ಜೆಫ್ರಿ ಸೇವರ್ 2006ರಲ್ಲಿ ಹಾಕಿದ ಲೆಕ್ಕದಂತೆ, ದೊಡ್ಡ ನಾಳ ಕಟ್ಟಿಕೊಂಡ ಸಾಮಾನ್ಯ ಲಕ್ವದಲ್ಲಿ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ. ಅದು ಸರಾಸರಿ. ಪಕ್ಕದ ನಾಳಗಳ ಕೃಪೆ ಇದ್ದವರಿಗೆ ಗಂಟೆಗಟ್ಟಲೆ ಕಾಲಾವಕಾಶ, ಇಲ್ಲದವರಿಗೆ ಅರ್ಧ ಗಂಟೆಯೂ ದುಬಾರಿ. ನೀವು ಯಾವ ಗುಂಪಿನವರು ಎಂಬುದು ಸ್ಕ್ಯಾನ್ ಮಾಡುವವರೆಗೆ ಯಾರಿಗೂ ಗೊತ್ತಾಗದು.

ಇನ್ನೊಂದು ವಿಚಿತ್ರ ಕೇಳಿ. ಕೋಶ ಕಾಯುತ್ತಲೇ ಇದೆ, ನಾವು ರಕ್ತವನ್ನು ಮತ್ತೆ ಬಿಡುತ್ತೇವೆ, ಆದರೆ ರಕ್ತವೇ ಒಳಗೆ ಹೋಗುವುದಿಲ್ಲ! 1968ರಲ್ಲಿ ಅಡೆಲ್ಬರ್ಟ್ ಏಮ್ಸ್ ಮೊಲಗಳ ಮಿದುಳಿನ ರಕ್ತ ನಿಲ್ಲಿಸಿ, ಮತ್ತೆ ಬಿಟ್ಟು, ಕಪ್ಪು ಮಸಿ ಹರಿಸಿ ನೋಡಿದರು. ಮಿದುಳಿನ ಎಷ್ಟೋ ಭಾಗ ಬೆಳ್ಳಗೇ ಉಳಿದಿತ್ತು. ಮಸಿ ಅಲ್ಲಿಗೆ ತಲುಪಿಯೇ ಇರಲಿಲ್ಲ. ಯಾಕೆ ಎಂಬುದರ ಒಂದು ದೊಡ್ಡ ತುಣುಕು ಸಿಕ್ಕಿದ್ದು 2014ರಲ್ಲಿ, ಲಂಡನ್ನಿನ ಡೇವಿಡ್ ಅಟ್ವೆಲ್ ಅವರ ತಂಡಕ್ಕೆ. ಕೂದಲಿಗಿಂತ ಸಣ್ಣದಾದ ಲೋಮನಾಳಗಳನ್ನು ಅಲ್ಲಲ್ಲಿ ಅಪ್ಪಿಕೊಂಡು ಕೂತಿರುವ ಪೆರಿಸೈಟ್ ಎಂಬ ಪುಟ್ಟ ಕೋಶಗಳಿವೆ. ಆಮ್ಲಜನಕ ತಪ್ಪಿದಾಗ ಅವು ನಾಳವನ್ನು ಬಿಗಿಯಾಗಿ ಹಿಸುಕುತ್ತವೆ, ಹಿಸುಕಿದ ಭಂಗಿಯಲ್ಲೇ ಸತ್ತು ಸೆಟೆದುಕೊಳ್ಳುತ್ತವೆ. ದೊಡ್ಡ ನಾಳದ ಗಡ್ಡೆ ಹೋಗಿದೆ, ಹೆದ್ದಾರಿ ತೆರೆದಿದೆ, ಗಲ್ಲಿಗಳೆಲ್ಲ ಬಂದ್!

ಈ ತಡೆಯನ್ನು ದಾಟಿದರೆ ಏನಾಗಬಹುದು ಎಂಬುದಕ್ಕೆ 1970ರ ದಶಕದಲ್ಲೇ ಒಂದು ಉತ್ತರ ಬಂದಿತ್ತು. ಜರ್ಮನಿಯ ಹಾಸ್‌ಮನ್ ಮತ್ತು ಕ್ಲೈಹ್ಯೂಸ್ ಬೆಕ್ಕು ಮತ್ತು ಕೋತಿಗಳ ಮಿದುಳಿನ ರಕ್ತವನ್ನು ಪೂರ್ತಿ ಒಂದು ಗಂಟೆ ನಿಲ್ಲಿಸಿ, ಆಮೇಲೆ ರಕ್ತದೊತ್ತಡ ಏರಿಸಿ ನಾಳಗಳಿಗೆ ರಕ್ತ ನುಗ್ಗಿಸಿದರು. ಕೆಲವು ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಮರಳಿತು! ಒಂದು ಗಂಟೆಯ ಮೇಲೆ! 1973ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಬಹುಜನ ನಂಬಲೂ ಇಲ್ಲ, ಮರೆಯಲೂ ಇಲ್ಲ. ಯೇಲ್‌ನ ದ್ರವದಲ್ಲಿ ರಕ್ತಕಣಗಳೇ ಇರಲಿಲ್ಲ ಎಂಬುದರ ಮರ್ಮ ಈಗ ಹೊಳೆಯಿತಲ್ಲ? ಇಕ್ಕಟ್ಟು ಗಲ್ಲಿಯಲ್ಲಿ ಸಿಕ್ಕಿಹಾಕಿಕೊಳ್ಳಲು ಅದರಲ್ಲಿ ಏನೂ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಬೆರಗಿನದು ಅನ್ನಿಸುವ ಪ್ರಾಣಿಗೆ ಬರುತ್ತೇನೆ. ಮಂಗೋಲಿಯಾದ ಮರುಭೂಮಿಯ ಜರ್ಬಿಲ್, ಅಂಗೈಯಲ್ಲಿ ಕೂರುವ ಇಲಿ. ನಮ್ಮ ಮಿದುಳಿನ ಬುಡದಲ್ಲಿ ಮುಂದಿನ, ಹಿಂದಿನ ರಕ್ತನಾಳಗಳನ್ನು ಬೆಸೆಯುವ ಒಂದು ಬಳೆ ಇದೆ. ಜರ್ಬಿಲ್‌ನಲ್ಲಿ ಆ ಬಳೆ ಅರೆಬರೆ. ಕುತ್ತಿಗೆಯ ಎರಡು ನಾಳಗಳಿಗೆ ಕ್ಲಿಪ್ ಹಾಕಿದರೆ ಮುಂಮಿದುಳಿಗೆ ರಕ್ತವೇ ಇಲ್ಲ. ಜಪಾನಿನ ತಕಾಕಿ ಕಿರಿನೊ ಹಾಗೆ 5 ನಿಮಿಷ ಕ್ಲಿಪ್ ಹಾಕಿ ತೆಗೆದರು. ಇಲಿ ಎದ್ದು ಓಡಾಡಿತು. ಮರುದಿನ ಮಿದುಳನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿ ಎಲ್ಲ ಸರಿಯಾಗಿದೆ. ಎರಡನೇ ದಿನವೂ ಹೆಚ್ಚುಕಮ್ಮಿ ಸರಿಯಾಗಿದೆ. ನಾಲ್ಕನೇ ದಿನಕ್ಕೆ ಸಿಎ1 ಎಂಬ ಪಟ್ಟಿಯ ನರಕೋಶಗಳು ಬಹುತೇಕ ಪೂರ್ತಿ ಮಾಯ! ಪಕ್ಕದ ಪಟ್ಟಿಯವು ಹಾಗೇ ಇವೆ.

ರಕ್ತ ಮರಳಿ ಬಂದಿದೆ, ಆಹಾರ ಸಿಕ್ಕಿದೆ, ಕೋಶ ಎರಡು ದಿನ ಬದುಕಿದೆ, ಆಮೇಲೆ ಸತ್ತಿದೆ. 1982ರಲ್ಲಿ ಇದು ಬಂದಾಗ ಎಲ್ಲರ ಎಣಿಕೆ ತಲೆಕೆಳಗಾಯಿತು. ರಕ್ತ ನಿಂತಾಗ ಕೋಶ ಸಾಯುತ್ತದೆ ಎಂದುಕೊಂಡಿದ್ದರೆ, ಇದು ರಕ್ತ ಬಂದ ಮೇಲೆ, ಸಾವಕಾಶವಾಗಿ, ತನ್ನದೇ ಒಳಗಿನ ಕ್ರಮದಲ್ಲಿ ಸಾಯುತ್ತಿದೆ. ಮನುಷ್ಯರಲ್ಲೂ ಇದೇ ಪಟ್ಟಿ ಸೂಕ್ಷ್ಮ. ವೈದ್ಯಶಾಸ್ತ್ರದಲ್ಲಿ ಆರ್.ಬಿ. ಎಂಬ ಎರಡಕ್ಷರದಿಂದ ಹೆಸರಾದ ಒಬ್ಬ ಅಮೆರಿಕನ್, ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಬಳಿಕ ಮಿದುಳಿಗೆ ರಕ್ತ ಕಡಿಮೆಯಾಗಿ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದವನಾದ. ಅವನು ತೀರಿಕೊಂಡ ಮೇಲೆ ನೋಡಿದರೆ ಮಿದುಳಿನ ಎರಡೂ ಬದಿಗಳಲ್ಲಿ ಸಿಎ1 ಪಟ್ಟಿ ಹಾಳಾಗಿತ್ತು. 1986ರಲ್ಲಿ ವರದಿಯಾದ ಪ್ರಕರಣ ಇದು.

ಆದರೆ ಆ ಎರಡು ದಿನದ ಸಂದು ಇದೆಯಲ್ಲ, ಅದರಲ್ಲೇ ಆಸೆಯೂ ಇದೆ. 1990ರಲ್ಲಿ ಒಸಾಕಾದ ಕಿತಗಾವಾ ಮತ್ತು ಸಂಗಡಿಗರು ಅದೇ ಜರ್ಬಿಲ್‌ಗೆ ಮೊದಲು 2 ನಿಮಿಷ ಮಾತ್ರ ಕ್ಲಿಪ್ ಹಾಕಿದರು, ಮರುದಿನ ಇನ್ನೊಮ್ಮೆ 2 ನಿಮಿಷ. ಅದರಿಂದ ಏನೂ ಹಾನಿಯಿಲ್ಲ. ಆಮೇಲೆ ಆ ಕೊಲ್ಲುವ 5 ನಿಮಿಷ. ಸಿಎ1 ಪಟ್ಟಿ ಉಳಿಯಿತು! ಬಹುತೇಕ ಪೂರ್ತಿ! ನರಕೋಶಗಳು ಕಷ್ಟದ ಪಾಠ ಕಲಿತಿದ್ದವು. ಕಲಿಯಲು ಅವಕ್ಕೆ ಒಂದು ದಿನ ಬೇಕು, ಏಕೆಂದರೆ ಆ ಹೊತ್ತಿನಲ್ಲಿ ಅವು ಹೊಸ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತವೆ.

ಇದನ್ನು ಮನುಷ್ಯರಿಗೆ ತರುವುದು ಹೇಗೆ? ಯಾರ ಕುತ್ತಿಗೆಗೂ ಕ್ಲಿಪ್ ಹಾಕಲಾಗದು. ತೋಳಿಗೆ ಬಿ.ಪಿ. ನೋಡುವ ಪಟ್ಟಿಯಂಥದ್ದನ್ನು ಸುತ್ತಿ ಬಿಗಿದು ಸಡಿಲಿಸಿ, ಬಿಗಿದು ಸಡಿಲಿಸಿ, ದೂರದ ತೋಳಿನ ಕಷ್ಟದಿಂದ ಮಿದುಳಿಗೆ ರಕ್ಷಣೆ ಸಿಗುತ್ತದೆಯೇ ಎಂದು ನೋಡುತ್ತಿದ್ದಾರೆ. ಚೀನಾದ ದೊಡ್ಡ ಅಧ್ಯಯನ 2022ರಲ್ಲಿ ಹೌದು ಎಂದಿತು. ಡೆನ್ಮಾರ್ಕಿನದು 2023ರಲ್ಲಿ ಇಲ್ಲ ಎಂದಿತು. ಈ ಕ್ಷೇತ್ರದ ಹಣೆಬರಹವೇ ಹೀಗೆ. 2006ರ ಹೊತ್ತಿಗೆ ಲಕ್ವಕ್ಕೆಂದು ಪ್ರಯೋಗದ ಹಂತ ಕಂಡ ಚಿಕಿತ್ಸೆಗಳನ್ನು ಒಬ್ಬರು ಕೂತು ಎಣಿಸಿದರೆ 1,026 ಸಿಕ್ಕವು. ಅವುಗಳಲ್ಲಿ ಇಲಿಯನ್ನು ಉಳಿಸಿ ಮನುಷ್ಯನವರೆಗೆ ಬಂದವೂ ಬಹುಮಟ್ಟಿಗೆ ಸೋತವು.

ಪ್ರಕೃತಿ ಮಾತ್ರ ಈ ಪರೀಕ್ಷೆಯನ್ನು ಯಾವಾಗಲೋ ಪಾಸು ಮಾಡಿ ಕೂತಿದೆ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಗಾಜಿನ ತೊಟ್ಟಿಯೊಳಗೆ ಕಣ್ಣಿನ ಹಿಂದೆ ಕೆಂಪು ಪಟ್ಟೆಯ ಪುಟ್ಟ ಆಮೆ ಕಂಡಿರುತ್ತೀರಿ. ಅಮೆರಿಕ ಮೂಲದ ಈ ಆಮೆ ಆಮ್ಲಜನಕವೇ ಇಲ್ಲದೆ ಕೋಣೆಯ ಬಿಸಿಯಲ್ಲೇ ಒಂದು ದಿನಕ್ಕೂ ಮಿಗಿಲಾಗಿ, ತಣ್ಣೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಅದರ ಗುಟ್ಟೂ ಮೌನವೇ! ನರಕೋಶದ ಪೊರೆಯ ಸೋರುವ ಬಾಗಿಲುಗಳನ್ನು ಮುಚ್ಚಿಬಿಡುತ್ತದೆ, ಮಿದುಳನ್ನು ತಣಿಸುವ ರಾಸಾಯನಿಕವನ್ನು ಧಾರಾಳವಾಗಿ ಹರಿಸುತ್ತದೆ. ಯೂರೋಪಿನ ಕ್ರೂಷಿಯನ್ ಕಾರ್ಪ್ ಎಂಬ ಮೀನು ಇನ್ನೂ ಮುಂದೆ ಹೋಗಿ, ಹಿಮಗಟ್ಟಿದ ಕೊಳದ ತಳದಲ್ಲಿ ಆಮ್ಲಜನಕವಿಲ್ಲದೆ ತಿಂಗಳುಗಟ್ಟಲೆ ಈಜಾಡಿಕೊಂಡೇ ಇರುತ್ತದೆ. ದೇಹದಲ್ಲಿ ಸೇರುವ ಆಮ್ಲವನ್ನು ಮದ್ಯಸಾರವಾಗಿಸಿ ಕಿವಿರಿನ ಮೂಲಕ ಹೊರಬಿಡುತ್ತದೆ! ಉಳಿತಾಯಕ್ಕೆ ಅದು ಬಲಿಕೊಡುವುದು ಕಣ್ಣನ್ನು: ರೆಟಿನಾ ಬೆಳಕಿಗೆ ಸ್ಪಂದಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ.

ಮನುಷ್ಯರಿಗೆ ಈ ವಿದ್ಯೆ ಇಲ್ಲ. ಚಳಿ ಒಮ್ಮೊಮ್ಮೆ ಅದನ್ನು ಸಾಲ ಕೊಡುತ್ತದೆ. 1999ರ ಮೇ ತಿಂಗಳು, ಉತ್ತರ ನಾರ್ವೆ. ಆನಾ ಬೊಗೆನ್‌ಹೋಮ್ ಎಂಬ ಯುವ ವೈದ್ಯೆ ಸ್ಕೀ ಆಡುತ್ತ ಜಾರಿ ಹೆಪ್ಪುಗಟ್ಟಿದ ತೊರೆಯ ಹಿಮದಡಿ ಸಿಕ್ಕಿಬಿದ್ದರು. ಒಂದು ಗಾಳಿಗುಳ್ಳೆಯಲ್ಲಿ ಉಸಿರಾಡುತ್ತ 40 ನಿಮಿಷ ಒದ್ದಾಡಿದರು, ಆಮೇಲೆ ಅಲುಗಾಟ ನಿಂತಿತು. 80 ನಿಮಿಷದ ಮೇಲೆ ಹೊರಗೆ ತೆಗೆದಾಗ ಉಸಿರಿಲ್ಲ, ನಾಡಿಯಿಲ್ಲ. ಟ್ರೋಮ್ಸೊ ಆಸ್ಪತ್ರೆಯಲ್ಲಿ ಮೈಬಿಸಿ ಅಳೆದರೆ 13.7 ಡಿಗ್ರಿ. ಯಂತ್ರದ ಮೂಲಕ ರಕ್ತವನ್ನು ಬೆಚ್ಚಗಾಗಿಸುತ್ತ ಗಂಟೆಗಟ್ಟಲೆ ಹೆಣಗಿದರು. ಆನಾ ಬದುಕಿದರು! ಮಿದುಳು ಉಳಿಯಿತು, ಅದೇ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ಕೆಲಸವನ್ನೂ ಮಾಡಿದರು. ಹೃದಯ ನಿಲ್ಲುವ ಮೊದಲೇ ಮಿದುಳು ತಣ್ಣಗಾಗಿತ್ತು. ಪ್ರತಿ ಒಂದು ಡಿಗ್ರಿ ಇಳಿದಾಗಲೂ ಅದರ ಹಸಿವು ನೂರಕ್ಕೆ ಆರೇಳರಷ್ಟು ಇಳಿಯುತ್ತದೆ. ವಿಪರ್ಯಾಸ ನೋಡಿ, ಬಹುಕಾಲ ಸರಿಹೋಗದೆ ಉಳಿದದ್ದು ಅವರ ಕೈಗಳ ನರಗಳು.

ವಿಪರ್ಯಾಸ ಏಕೆಂದರೆ ಕೈಕಾಲಿನ ನರಗಳು ಮಿದುಳಿಗಿಂತ ಬಹಳ ಗಟ್ಟಿ. ಮದುವೆಯೂಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಜೋಮು ಹಿಡಿಯುತ್ತದಲ್ಲ, ಒತ್ತಡಕ್ಕೂ ರಕ್ತದ ಕೊರತೆಗೂ ಸಿಕ್ಕಿದ ನರದ ಮೌನ ಅದು. 1931ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ಸಂಗಡಿಗರು ತೋಳಿಗೆ ಪಟ್ಟಿ ಬಿಗಿದು ಇದರ ಹೆಜ್ಜೆಹೆಜ್ಜೆಯನ್ನೂ ಬರೆದಿಟ್ಟರು. ಕಾಲು ಗಂಟೆಯ ಹೊತ್ತಿಗೆ ಬೆರಳ ತುದಿ ಮರಗಟ್ಟತೊಡಗುತ್ತದೆ, ಮರಗಟ್ಟುವಿಕೆ ಮೇಲೆ ಮೇಲೆ ಏರುತ್ತದೆ. ಸ್ಪರ್ಶ ಮೊದಲು ಹೋಗುತ್ತದೆ, ನೋವು ಕಡೆಗೆ. ಪಟ್ಟಿ ಸಡಿಲಿಸಿದರೆ ನಿಮಿಷಗಳಲ್ಲಿ ಎಲ್ಲ ವಾಪಸು! ಆ ಜುಮುಜುಮು ಸೂಜಿ ಚುಚ್ಚಾಟ ಇದೆಯಲ್ಲ, ಅದು ರಕ್ತ ಮರಳಿದ ನರಗಳು ಯಾರೂ ಮುಟ್ಟದಿದ್ದರೂ ತಾವಾಗಿಯೇ ಮಿಡಿಯುವುದು. ಕೈಕಾಲಿನ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಪಟ್ಟಿ ಬಿಗಿದು ಸುಮಾರು 2 ಗಂಟೆ ರಕ್ತ ತಡೆಯುವುದು ಈ ಗಟ್ಟಿತನವನ್ನು ನಂಬಿಯೇ.

ಮಿದುಳಿಗೂ ಕೈಕಾಲಿಗೂ ನಡುವೆ ನಿಲ್ಲುವುದು ಕಣ್ಣಿನ ರೆಟಿನಾ. ಅದು ಮಿದುಳಿನದೇ ಹೊರಚಾಚು, ಆದರೂ ಹೆಚ್ಚು ತಾಳಿಕೆ ಅದಕ್ಕೆ. ಪಂಜಾಬಿನಿಂದ ಹೋಗಿ ಅಮೆರಿಕದ ಅಯೋವಾದಲ್ಲಿ ನೆಲೆಸಿದ ಸೋಹನ್ ಸಿಂಗ್ ಹಯ್ರೆ, ಕೋತಿಗಳ ರೆಟಿನಾದ ಮುಖ್ಯ ರಕ್ತನಾಳವನ್ನು ಮುಚ್ಚಿ ತೆರೆದು, ಸುಮಾರು 100 ನಿಮಿಷದವರೆಗೆ ಅದಕ್ಕೆ ಗುರುತಿಸುವಂಥ ಹಾನಿಯಾಗದು ಎಂದು 1980ರಲ್ಲಿ ತೋರಿಸಿದರು. 4 ಗಂಟೆಯಾದರೆ ಮಾತ್ರ ಬಹುಪಾಲು ನಾಶ.

ಇನ್ನು ಸತ್ತವರ ಕಣ್ಣಿನ ಕತೆ, 2022ರದು. ನಮ್ಮಲ್ಲಿ ನೇತ್ರದಾನ ಎಂದರೆ ಕಾರ್ನಿಯಾ. ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು 4 ಜನರಿಗೆ ಬೆಳಕಾದದ್ದೂ ಹಾಗೇ. ಕಾರ್ನಿಯಾಕ್ಕೆ ರಕ್ತನಾಳಗಳೇ ಇಲ್ಲವಾದ್ದರಿಂದ ಸಾವಿನ ನಂತರ 6 ಗಂಟೆಯವರೆಗೂ ತೆಗೆಯಬಹುದು. ರೆಟಿನಾವನ್ನು ಸತ್ತವರ ಕಣ್ಣಿನಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಮೆರಿಕದ ಯೂಟಾದ ಫ್ರಾನ್ಸ್ ವಿನ್‌ಬರ್ಗ್, ಫಾತಿಮಾ ಅಬ್ಬಾಸ್ ಮತ್ತು ಸ್ಕ್ರಿಪ್ಸ್ ಸಂಸ್ಥೆಯ ಆನ್ ಹ್ಯಾನೆಕೆನ್ ಇಟ್ಟರು. ದಾನಿಗಳ ಕಣ್ಣಿನ ರೆಟಿನಾ ಬಿಡಿಸಿ ಬೆಳಕು ಬೀರಿದರೆ, ನಾವು ಅಕ್ಷರ ಓದುವ, ಮುಖ ಗುರುತಿಸುವ ನಟ್ಟನಡುವಿನ ಮಚ್ಚೆಯ ಕೋಶಗಳು ಸಾವಿನ ನಂತರ 5 ಗಂಟೆಯವರೆಗೂ ಸ್ಪಂದಿಸಿದವು! ಮಂಕು ಬೆಳಕಿಗೂ, ಬಣ್ಣದ ಬೆಳಕಿಗೂ!

ಆದರೆ ಆ ಕೋಶಗಳು ಮುಂದಿನ ಕೋಶಕ್ಕೆ ಸುದ್ದಿ ದಾಟಿಸುತ್ತಿರಲಿಲ್ಲ. ಅಲ್ಲಿ ಮೌನ. ಆಮ್ಲಜನಕದ ಕೊರತೆಯೇ ಕಾರಣವಿರಬೇಕೆಂದು, ಕಣ್ಣನ್ನು ಹೊತ್ತು ತರಲು ಆಮ್ಲಜನಕವೂ ಪೋಷಕಾಂಶಗಳೂ ಇರುವ ಒಂದು ಪೆಟ್ಟಿಗೆಯನ್ನೇ ಕಟ್ಟಿದರು. ಅಂಗಾಂಗ ದಾನಿಗಳ ಕಣ್ಣನ್ನು 20 ನಿಮಿಷದೊಳಗೆ ತೆಗೆದು ಅದರಲ್ಲಿಟ್ಟರು. ರೆಟಿನಾದ ವಿದ್ಯುತ್ ದಾಖಲೆಯಲ್ಲಿ ವೈದ್ಯರು ‘ಬಿ ಅಲೆ’ ಎಂದು ಕರೆಯುವ ಗೀರೊಂದಿದೆ, ಒಳಪದರದ ಕೋಶಗಳು ಸುದ್ದಿ ಸ್ವೀಕರಿಸಿದ್ದಕ್ಕೆ ಗುರುತು ಅದು. ಬದುಕಿರುವವರ ಕಣ್ಣಿನಲ್ಲಿ ಕಾಣುವಂಥ ಆ ಬಿ ಅಲೆ ಸತ್ತವರ ಕಣ್ಣಿನ ನಟ್ಟನಡುವಿನಿಂದ ಎದ್ದಿತು. ಮನುಷ್ಯರ ದೃಷ್ಟಿಯ ಕೇಂದ್ರದಲ್ಲಿ ಸಾವಿನ ನಂತರ ಕೋಶಗಳು ಒಂದಕ್ಕೊಂದು ಮಾತಾಡಿದ್ದು ಅದೇ ಮೊದಲು. ವಯಸ್ಸಾದವರ ಕುರುಡಿಗೆ ಮದ್ದು ಹುಡುಕುವವರು ಇನ್ನು ಇಲಿಯ ಕಣ್ಣನ್ನೇ ನೆಚ್ಚಿಕೂರಬೇಕಿಲ್ಲ. ಇಲಿಗೆ ಆ ಮಚ್ಚೆಯೇ ಇಲ್ಲ.